‘ಎರಡನೇ ಪ್ಯಾರಾಚೂಟ್ ಇದೆ’ ಎಂಬ ಉತ್ತರ ಸಾಲದು

ಟ್ಯಾಂಡಮ್ ಸ್ಕೈಡೈವಿಂಗ್‌ಗೆ ಹೆಸರು ಕೊಡಲು ಬಂದವರ ಬಾಯಿಗೆ ಮೊದಲು ಬರುವ ಪ್ರಶ್ನೆ ಒಂದೇ: ಪ್ಯಾರಾಚೂಟ್ ಬಿಚ್ಚಿಕೊಳ್ಳದಿದ್ದರೆ? ಕೌಂಟರಿನ ಆಚೆ ಕೂತವರ ಉತ್ತರವೂ ಹೆಚ್ಚುಕಡಿಮೆ ಒಂದೇ: ಎರಡನೆಯದು ಇದೆ, ಚಿಂತೆ ಬೇಡ, ಇಲ್ಲಿ ಸಹಿ ಹಾಕಿ. ಈ ಉತ್ತರದಲ್ಲಿ ಸುಳ್ಳಿಲ್ಲ. ಆದರೆ 13 ಸಾವಿರ ಅಡಿ ಎತ್ತರದಿಂದ, ಅದೇ ದಿನ ಪರಿಚಯವಾದ ಇನ್‌ಸ್ಟ್ರಕ್ಟರ್ ಒಬ್ಬರ ಎದೆಗೆ ಕಟ್ಟಿಸಿಕೊಂಡು ಜಿಗಿಯಲು ಹೊರಟವರಿಗೆ ಅಷ್ಟು ಸಾಲದು. ಪ್ಯಾರಾಚೂಟ್ ಕೈಕೊಡುವ ಬಗೆಗಳು ಯಾವುವು, ಕೈಕೊಟ್ಟಾಗ ಬೆನ್ನ ಹಿಂದಿನ ವ್ಯಕ್ತಿ ಏನು ಮಾಡುತ್ತಾರೆ, ಆಗ ತಾನೇನು ಮಾಡಬೇಕು, ಏನು ಮಾಡಬಾರದು ಎನ್ನುವುದನ್ನು ಮೊದಲ ಬಾರಿಗೆ ಜಿಗಿಯುವವರು ವಿಮಾನ ಹತ್ತುವ ಮುಂಚೆಯೇ ತಿಳಿದಿರಬೇಕು. ಅದನ್ನು ಹೇಳಿಕೊಡುವುದು ಹಣ ಪಡೆದ ಕೇಂದ್ರದ ಕರ್ತವ್ಯ.

ಹೀಗೆ ವಿವರಿಸಿದರೆ ಗಿರಾಕಿಗಳು ಹೆದರಿ ವಾಪಸ್ ಹೋಗುತ್ತಾರೆ ಎಂಬ ಅಳುಕು ಈ ವ್ಯವಹಾರದಲ್ಲಿದೆ. ನಡೆಯುವುದು ಇದಕ್ಕೆ ತದ್ವಿರುದ್ಧ. ಏನೂ ತಿಳಿಯದವರಿಗೆ ಪ್ರತಿಯೊಂದು ಜಗ್ಗಾಟವೂ ಸಾವಿನ ಸೂಚನೆಯಾಗಿ ಕಾಣುತ್ತದೆ. ತಿಳಿದವರಿಗೆ ಯಾವುದು ಮಾಮೂಲು, ಯಾವುದು ಅಲ್ಲ ಎಂಬ ವ್ಯತ್ಯಾಸ ಗೊತ್ತಿರುತ್ತದೆ.

ಎಲ್ಲವೂ ಸರಿಯಾಗಿ ನಡೆದಾಗ ಆಗುವುದೇನು ಎಂಬುದನ್ನು ಮೊದಲು ನೋಡಬೇಕು. ಒಬ್ಬಂಟಿ ಸ್ಕೈಡೈವರ್ ಹೊಟ್ಟೆ ಕೆಳಗಾಗಿ ಬೀಳುವ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಇಬ್ಬರ ತೂಕ ಒಟ್ಟಾದರೆ ಅದು 270 ಕಿಲೋಮೀಟರ್ ದಾಟುತ್ತದೆ. ಆ ವೇಗದಲ್ಲಿ ಪ್ಯಾರಾಚೂಟ್ ಅರಳಿದರೆ ಬಟ್ಟೆಗೂ ಪೆಟ್ಟು, ದೇಹಕ್ಕೂ ಪೆಟ್ಟು. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಟೆಡ್ ಸ್ಟ್ರಾಂಗ್ ಮತ್ತು ಬಿಲ್ ಬೂತ್ ಟ್ಯಾಂಡಮ್ ಉಪಕರಣವನ್ನು ರೂಪಿಸುತ್ತಿದ್ದಾಗ ಈ ಸಮಸ್ಯೆ ಎದುರಾಯಿತು. ಅದಕ್ಕೆ ಸಿಕ್ಕ ಪರಿಹಾರವೇ ಡ್ರೋಗ್ ಎಂಬ ಪುಟ್ಟ ಪ್ಯಾರಾಚೂಟ್. ವಿಮಾನದಿಂದ ಹೊರಬಿದ್ದ ಕೆಲವೇ ಕ್ಷಣಗಳಲ್ಲಿ ಇನ್‌ಸ್ಟ್ರಕ್ಟರ್ ಅದನ್ನು ಗಾಳಿಗೆ ಎಸೆಯುತ್ತಾರೆ. ಅದು ಹಿಂದಿನಿಂದ ಎಳೆಯುತ್ತಾ ಇಬ್ಬರ ವೇಗವನ್ನೂ ಒಬ್ಬರ ವೇಗಕ್ಕೆ ಇಳಿಸುತ್ತದೆ. ಸುಮಾರು 5,500 ಅಡಿಗೆ ಬಂದಾಗ ಇನ್‌ಸ್ಟ್ರಕ್ಟರ್ ಹಿಡಿಕೆಯೊಂದನ್ನು ಎಳೆದರೆ ಅದೇ ಡ್ರೋಗ್ ಮುಖ್ಯ ಪ್ಯಾರಾಚೂಟಿನ ಚೀಲವನ್ನು ಹೊರಗೆಳೆಯುತ್ತದೆ. ಹಗ್ಗಗಳು ನೆಟ್ಟಗಾಗುತ್ತವೆ, ಬಟ್ಟೆ ಹೊರಬರುತ್ತದೆ, ಅದರ ಒಳಗೂಡುಗಳಿಗೆ ಗಾಳಿ ತುಂಬುತ್ತದೆ.

ಇಷ್ಟು ದೊಡ್ಡ ಬಟ್ಟೆ ಒಮ್ಮೆಲೇ ಅರಳಬಾರದೆಂದು ಹಗ್ಗಗಳ ನಡುವೆ ಸ್ಲೈಡರ್ ಎಂಬ ಆಯತಾಕಾರದ ಬಟ್ಟೆಯ ತುಂಡು ಇರುತ್ತದೆ. ಅದರ ನಾಲ್ಕು ಮೂಲೆಗಳಲ್ಲಿ ಲೋಹದ ಉಂಗುರಗಳು, ಅವುಗಳೊಳಗೆ ಹಾದುಹೋಗುವ ಹಗ್ಗಗಳು. ಗಾಳಿ ತುಂಬಿದಂತೆ ಸ್ಲೈಡರ್ ನಿಧಾನವಾಗಿ ಕೆಳಕ್ಕೆ ಜಾರುತ್ತದೆ. ಈ ಕೆಲವು ಸೆಕೆಂಡುಗಳಲ್ಲಿ ಮೊದಲ ಸಲ ಜಿಗಿದವರು ಮೇಲೆ ನೋಡಿದರೆ ಕಾಣುವುದು ಅರೆಬರೆ ಅರಳಿದ, ಮುದುಡಿದ, ಪಟಪಟ ಬಡಿದುಕೊಳ್ಳುವ ಬಟ್ಟೆ. ಕೆಟ್ಟಿತು ಎಂದು ಎದೆ ಝಲ್ಲೆನ್ನುವುದು ಇಲ್ಲಿಯೇ. ಕೆಟ್ಟಿರುವುದಿಲ್ಲ. ಪ್ಯಾರಾಚೂಟ್ ಅರಳುವುದೇ ಹಾಗೆ.

ಇನ್ನು ಕೆಲವು ತೊಂದರೆಗಳು ನಿಜಕ್ಕೂ ತೊಂದರೆಗಳೇ, ಆದರೆ ಅಪಾಯಕ್ಕೆ ಮುಟ್ಟುವಂಥವಲ್ಲ. ಇವುಗಳಲ್ಲಿ ಹೆಚ್ಚು ಕಾಣಸಿಗುವುದು ಲೈನ್ ಟ್ವಿಸ್ಟ್, ಅಂದರೆ ಹಗ್ಗಗಳು ಒಂದಕ್ಕೊಂದು ತಿರುಚಿಕೊಳ್ಳುವುದು. ಮೇಲೆ ಪ್ಯಾರಾಚೂಟ್ ಚೆನ್ನಾಗಿ ಅರಳಿರುತ್ತದೆ, ಆದರೆ ಭುಜದಿಂದ ಮೇಲಕ್ಕೆ ಹೋಗುವ ಪಟ್ಟಿಗಳು ಹುರಿಗೊಂಡು ಕತ್ತಿನ ಹತ್ತಿರಕ್ಕೆ ಬಂದಿರುತ್ತವೆ. ಆಗ ಇನ್‌ಸ್ಟ್ರಕ್ಟರ್ ಎರಡೂ ಪಟ್ಟಿಗಳನ್ನು ಹಿಡಿದು ಅಗಲಿಸುತ್ತಾ, ಸೈಕಲ್ ತುಳಿದಂತೆ ಕಾಲು ಬಡಿಯುತ್ತಾರೆ. ತಿರುಚಿ ಬಿಟ್ಟ ಉಯ್ಯಾಲೆ ತಾನೇ ಬಿಚ್ಚಿಕೊಳ್ಳುವ ಹಾಗೆ ಇಬ್ಬರೂ ಗಿರ್ರನೆ ಸುತ್ತಿ ಸರಿಯಾದ ದಿಕ್ಕಿಗೆ ಬರುತ್ತಾರೆ. ಮುಂದೆ ನೇತಾಡುತ್ತಿರುವವರು ಗಾಬರಿಯಾಗಿ ಆ ಪಟ್ಟಿಗಳನ್ನೇ ಬಿಗಿಯಾಗಿ ಹಿಡಿದುಕೊಂಡರೆ ಬೇಗ ಮುಗಿಯಬೇಕಾದ ಕೆಲಸ ತಡವಾಗುತ್ತದೆ. ಅಂಚಿನ ಗೂಡಿಗೆ ಗಾಳಿ ತುಂಬದೆ ಮುದುಡಿಕೊಂಡಿರುವುದು, ಸ್ಲೈಡರ್ ಅರ್ಧಕ್ಕೆ ನಿಲ್ಲುವುದು ಕೂಡ ಸಾಮಾನ್ಯವಾಗಿ ಇದೇ ಗುಂಪಿಗೆ ಸೇರುತ್ತವೆ. ಬ್ರೇಕಿನ ಹಿಡಿಕೆಗಳನ್ನು ಕೆಳಕ್ಕೆಳೆದು ಬಿಟ್ಟರೆ ಬಹುಪಾಲು ಸರಿಹೋಗುತ್ತವೆ.

ಪ್ಯಾರಾಚೂಟ್ ಅರಳಿದ ಕೂಡಲೇ ಇನ್‌ಸ್ಟ್ರಕ್ಟರ್ ಮಾಡುವ ಪರೀಕ್ಷೆ ಸರಳವಾದದ್ದು. ಆಕಾರ ನೆಟ್ಟಗಿದೆಯೇ? ತಿರುಗದೆ, ವಾಲದೆ ಹಾರುತ್ತಿದೆಯೇ? ಎಡಕ್ಕೆ, ಬಲಕ್ಕೆ ಎಳೆದರೆ ಮಾತು ಕೇಳುತ್ತದೆಯೇ? ಬ್ರೇಕ್ ಹಾಕಿದರೆ ನಿಧಾನವಾಗುತ್ತದೆಯೇ? ಇವೆಲ್ಲಕ್ಕೂ ಹೌದು ಎಂಬ ಉತ್ತರ ಬಂದರೆ ಆ ಪ್ಯಾರಾಚೂಟ್ ನಂಬಿ ನೆಲಕ್ಕಿಳಿಯಬಹುದು. ಒಂದಕ್ಕಾದರೂ ಇಲ್ಲ ಎಂದಾದರೆ, ನಿಗದಿಪಡಿಸಿದ ಎತ್ತರದೊಳಗೆ ಅದನ್ನು ಸರಿಪಡಿಸಬೇಕು. ಆಗದಿದ್ದರೆ ಬಿಟ್ಟುಬಿಡಬೇಕು.

ಬಿಟ್ಟೇಬಿಡಬೇಕಾದ ಕೆಡುಕುಗಳು ಎರಡು ಬಗೆಯವು. ಮೊದಲನೆಯದರಲ್ಲಿ ಬೀಳುವ ವೇಗ ತಗ್ಗುವುದೇ ಇಲ್ಲ. ಚೀಲ ಹೊರಬಂದರೂ ಅದರೊಳಗಿನ ಬಟ್ಟೆ ಬಿಚ್ಚಿಕೊಳ್ಳದಿರುವುದು ಬ್ಯಾಗ್ ಲಾಕ್. ಬಟ್ಟೆ ಹೊರಬಂದರೂ ಗಾಳಿ ತುಂಬದೆ ಉದ್ದನೆಯ ಪಟ್ಟಿಯಂತೆ ಎಳೆದಾಡುವುದು ಸ್ಟ್ರೀಮರ್. ಡ್ರೋಗ್ ಹೊರಗಿದ್ದೂ ಮುಖ್ಯ ಪ್ಯಾರಾಚೂಟನ್ನು ಎಳೆಯದಿರುವುದು ಟ್ಯಾಂಡಮ್‌ಗೆ ವಿಶೇಷವಾದ ತೊಂದರೆ. ಇದಕ್ಕೆಂದೇ ಡ್ರೋಗ್ ಬಿಡಿಸುವ ಹಿಡಿಕೆಗಳನ್ನು ಎರಡು ಕಡೆ ಇಟ್ಟಿರುತ್ತಾರೆ, ಒಂದು ಕೆಲಸ ಮಾಡದಿದ್ದರೆ ಇನ್ನೊಂದು ಇರಲೆಂದು. ಎರಡನೆಯ ಬಗೆಯಲ್ಲಿ ಪ್ಯಾರಾಚೂಟ್ ಅರಳಿರುತ್ತದೆ, ಆದರೆ ಹಾರಿಸಲು ಬರುವುದಿಲ್ಲ. ಹಗ್ಗವೊಂದು ಬಟ್ಟೆಯ ಮೇಲಿನಿಂದ ಹಾದು ಅದನ್ನು ಎರಡು ಭಾಗವಾಗಿ ಹಿಂಡುವುದು, ಹಗ್ಗಗಳು ಗಂಟಾಗಿ ಒಂದು ಬದಿಯನ್ನು ಕೆಳಕ್ಕೆಳೆಯುವುದು, ಬಟ್ಟೆ ಹರಿಯುವುದು ಇದಕ್ಕೆ ಉದಾಹರಣೆಗಳು. ಹೀಗಾದಾಗ ಪ್ಯಾರಾಚೂಟ್ ಒಂದೇ ಕಡೆಗೆ ಗಿರಗಿರನೆ ತಿರುಗುತ್ತಾ ಎತ್ತರವನ್ನು ಬೇಗಬೇಗ ನುಂಗುತ್ತದೆ.

ಮೊದಲ ಜಿಗಿತದವರು ಸರಿಯಾಗಿ ಅರ್ಥಮಾಡಿಕೊಳ್ಳಬೇಕಾದ ಸಂಗತಿ ಒಂದಿದೆ. ಕೆಟ್ಟ ಪ್ಯಾರಾಚೂಟ್ ತಲೆಯ ಮೇಲಿರುವಾಗಲೇ ಎರಡನೆಯದನ್ನು ಬಿಡುವುದು ಸಾಮಾನ್ಯವಾಗಿ ಕೊನೆಯ ದಾರಿ. ಮೊದಲು ಕೆಟ್ಟದ್ದನ್ನು ಕಳಚಬೇಕು, ಆಮೇಲೆ ರಿಸರ್ವ್, ಅಂದರೆ ಎರಡನೆಯ ಪ್ಯಾರಾಚೂಟ್, ಬಿಡಬೇಕು. ಎರಡೂ ಒಟ್ಟಿಗೆ ಹೊರಬಂದರೆ ಒಂದರೊಳಗೊಂದು ಸಿಕ್ಕಿಹಾಕಿಕೊಳ್ಳಬಹುದು. ಸಿಕ್ಕಿಕೊಳ್ಳದೆ ಬೇರೆಬೇರೆಯಾಗಿ ಅರಳಿದರೂ ವಿರುದ್ಧ ದಿಕ್ಕಿಗೆ ತಿರುಗಿ ಎರಡೂ ನೆಲದತ್ತ ಮುಖಮಾಡಿ ಧುಮುಕಬಹುದು. ‘ಎರಡನೆಯದು ಇದೆ’ ಎಂಬ ಸಮಾಧಾನದ ಮಾತಿನಲ್ಲಿ ಈ ಸಂಗತಿಯೇ ಬಿಟ್ಟುಹೋಗಿರುತ್ತದೆ. ಎರಡನೆಯ ಪ್ಯಾರಾಚೂಟ್ ಕೆಲಸಕ್ಕೆ ಬರಬೇಕಾದರೆ ಮೊದಲನೆಯದನ್ನು ಸಕಾಲದಲ್ಲಿ ಕೈಬಿಡುವ ತೀರ್ಮಾನ ಆಗಬೇಕು, ಆ ತೀರ್ಮಾನಕ್ಕೆ ಎತ್ತರ ಬೇಕು. ಅಮೆರಿಕದ ಪ್ಯಾರಾಚೂಟ್ ಸಂಘ (ಯುಎಸ್‌ಪಿಎ) ಟ್ಯಾಂಡಮ್ ಜಿಗಿತದಲ್ಲಿ 5,000 ಅಡಿಗಿಂತ ಕೆಳಗೆ ಮುಖ್ಯ ಪ್ಯಾರಾಚೂಟ್ ತೆರೆಯಬಾರದು ಎಂದಿರುವುದು ಇದೇ ಕಾರಣಕ್ಕೆ. ಅನುಭವಿ ಒಬ್ಬಂಟಿ ಜಿಗಿತಗಾರರು ಇದಕ್ಕಿಂತ ಬಹಳ ಕೆಳಗೆ ತೆರೆಯಬಹುದು.

ಕಳಚುವ ವ್ಯವಸ್ಥೆಯನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕರೆ ಬಿಡಬಾರದು. ಮೈಗೆ ಬಿಗಿಯುವ ಪಟ್ಟಿಗಳ ಹಾರ್ನೆಸ್ಸಿನ ಎರಡೂ ಭುಜಗಳ ಮೇಲೆ ತಲಾ ಮೂರು ಲೋಹದ ಬಳೆಗಳಿರುತ್ತವೆ: ದೊಡ್ಡದು, ಅದರೊಳಗೆ ಹಾದು ಮಡಚಿದ ನಡುವಿನದು, ಅದರೊಳಗೆ ಹಾದು ಮಡಚಿದ ಪುಟ್ಟದು. ಪುಟ್ಟ ಬಳೆಯನ್ನು ಹಿಡಿದಿರುವುದು ಒಂದು ಸಣ್ಣ ದಾರದ ಕುಣಿಕೆ, ಆ ಕುಣಿಕೆಯನ್ನು ಹಿಡಿದಿರುವುದು ಹಳದಿ ಬಣ್ಣದ ನುಣುಪಾದ ಕೇಬಲ್. ಇಬ್ಬರ ತೂಕ ದೊಡ್ಡ ಬಳೆಯ ಮೇಲೆ ಬೀಳುತ್ತದೆ. ಪ್ರತಿ ಬಳೆಯೂ ಆ ಭಾರವನ್ನು ಹಲವು ಪಟ್ಟು ತಗ್ಗಿಸಿ ಮುಂದಿನದಕ್ಕೆ ದಾಟಿಸುವುದರಿಂದ ಕೊನೆಯ ಕುಣಿಕೆಯ ಮೇಲೆ ಉಳಿಯುವ ಎಳೆತ ತೀರಾ ಕಡಿಮೆ. ಬಲಗಡೆಯ ಹಿಡಿಕೆಯನ್ನು ಒಂದು ಸಲ ಎಳೆದರೆ ಕೇಬಲ್ ಹೊರಬಂದು, ಎರಡೂ ಭುಜಗಳ ಬಳೆಗಳು ಮಗುಚಿ, ಕೆಟ್ಟ ಪ್ಯಾರಾಚೂಟ್ ಕಳಚಿಹೋಗುತ್ತದೆ. 1970ರ ದಶಕದ ನಡುವಿನಲ್ಲಿ ಇದನ್ನು ರೂಪಿಸಿದವರು ಅದೇ ಬಿಲ್ ಬೂತ್. ಅದಕ್ಕೂ ಮುಂಚೆ ಎರಡು ಭುಜಗಳ ಕೊಂಡಿಗಳನ್ನು ಬೇರೆಬೇರೆಯಾಗಿ ಬಿಡಿಸಬೇಕಿತ್ತು. ಗಿರಗಿರನೆ ಸುತ್ತುತ್ತಿರುವಾಗ ಒಂದು ಬಿಚ್ಚಿ ಇನ್ನೊಂದು ಬಿಚ್ಚದಿದ್ದರೆ ಗತಿಯೇನು ಎಂದು ಯೋಚಿಸಿದರೆ ಈ ಬಳೆಗಳ ಬೆಲೆ ತಿಳಿಯುತ್ತದೆ.

ಕಳಚಿದ ಕ್ಷಣದಲ್ಲಿ ಮುಂದಿರುವವರಿಗೆ ಆಗುವ ಅನುಭವ ಇದು: ಮೇಲಿನ ಹಿಡಿತ ಇದ್ದಕ್ಕಿದ್ದಂತೆ ತಪ್ಪಿಹೋಗುತ್ತದೆ, ಹೊಟ್ಟೆ ಬಾಯಿಗೆ ಬರುತ್ತದೆ, ಮತ್ತೊಮ್ಮೆ ಬೀಳುವುದು ಶುರುವಾಗುತ್ತದೆ. ಕೂಡಲೇ ಇನ್ನೊಂದು ಜಗ್ಗು. ಈಗ ತಲೆಯ ಮೇಲೆ ಬೇರೊಂದು ಪ್ಯಾರಾಚೂಟ್. ಹಲವು ರಿಗ್‌ಗಳಲ್ಲಿ, ಅಂದರೆ ಹಾರ್ನೆಸ್ಸೂ ಪ್ಯಾರಾಚೂಟುಗಳೂ ಸೇರಿದ ಉಪಕರಣಗಳಲ್ಲಿ, ಕಳಚಿಹೋಗುವ ಪ್ಯಾರಾಚೂಟೇ ರಿಸರ್ವ್ ಪ್ಯಾರಾಚೂಟನ್ನು ಹೊರಗೆಳೆಯುವ ಏರ್ಪಾಡೂ ಇರುತ್ತದೆ. ಇದನ್ನು ಮುಂಚೆ ಕೇಳಿ ತಿಳಿದವರು ಆ ಎರಡನೇ ಬೀಳುವಿಕೆಯನ್ನು ಪರಿಹಾರದ ಭಾಗವೆಂದು ಗುರುತಿಸುತ್ತಾರೆ. ಕೇಳಿರದವರು ಆ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಕೈಗೆ ಸಿಗುವುದು ಇನ್‌ಸ್ಟ್ರಕ್ಟರ್ ಕೈ.

ಇನ್‌ಸ್ಟ್ರಕ್ಟರ್ ಏನೂ ಮಾಡಲಾಗದ ಸ್ಥಿತಿಗೂ ಒಂದು ಯಂತ್ರವಿದೆ. 1991ರಲ್ಲಿ ಜರ್ಮನಿಯ ಹೆಲ್ಮುಟ್ ಕ್ಲೋತ್ ಮಾರುಕಟ್ಟೆಗೆ ತಂದ ಸೈಪ್ರೆಸ್ ಎಂಬ ಸಾಧನ ಗಾಳಿಯ ಒತ್ತಡದಿಂದ ಎತ್ತರವನ್ನೂ ವೇಗವನ್ನೂ ಲೆಕ್ಕ ಹಾಕುತ್ತದೆ. ಅದರ ಟ್ಯಾಂಡಮ್ ಮಾದರಿ, ಸುಮಾರು 1,900 ಅಡಿಗೆ ಬಂದಾಗಲೂ ಬೀಳುವ ವೇಗ ತಗ್ಗಿಲ್ಲವಾದರೆ ರಿಸರ್ವ್ ಪ್ಯಾರಾಚೂಟನ್ನು ಮುಚ್ಚಿಟ್ಟಿರುವ ಕುಣಿಕೆಯನ್ನು ತಾನೇ ಕತ್ತರಿಸುತ್ತದೆ. ಇದೊಂದು ಬಹುದೊಡ್ಡ ರಕ್ಷಣೆ. ಆದರೆ ಅದು ಕೆಟ್ಟ ಪ್ಯಾರಾಚೂಟನ್ನು ಕಳಚುವುದಿಲ್ಲ. ವೇಗ ತಗ್ಗಿದ್ದೂ ಹಿಡಿತಕ್ಕೆ ಸಿಗದೆ ತಿರುಗುತ್ತಿರುವ ಪ್ಯಾರಾಚೂಟ್ ಅದರ ಕಣ್ಣಿಗೆ ಬೀಳದೆಯೂ ಇರಬಹುದು. ತೀರ್ಮಾನ ಮನುಷ್ಯರದ್ದೇ.

ಹಾಗಾದರೆ ಮುಂದೆ ಕಟ್ಟಿಸಿಕೊಂಡವರು ಬರೀ ಸಾಮಾನಿನ ಮೂಟೆಯೇ? ಅಲ್ಲ. ಅವರ ಪಾಲಿಗೂ ಮೂರು ಕೆಲಸಗಳಿವೆ. ಬೀಳುವಾಗ ಸೊಂಟ ಮುಂದಕ್ಕೆ ಒತ್ತಿ, ತಲೆ ಹಿಂದಕ್ಕೆ ಚಾಚಿ, ಕಾಲುಗಳನ್ನು ಹಿಂದಕ್ಕೆ ಮಡಿಸಿ ಬೆನ್ನನ್ನು ಬಿಲ್ಲಿನಂತೆ ಬಾಗಿಸುವುದು ಮೊದಲನೆಯದು. ಇದು ಫೋಟೊಗಾಗಿ ಹೇಳಿಕೊಡುವ ಭಂಗಿಯಲ್ಲ. ಮುಂದಿರುವವರು ಮುದುಡಿಕೊಂಡರೆ ಇಬ್ಬರೂ ಪಕ್ಕಕ್ಕೆ ವಾಲಿ ಸುತ್ತಲು ತೊಡಗಬಹುದು, ಸುತ್ತುತ್ತಿರುವಾಗ ಡ್ರೋಗ್ ಎಸೆದರೆ ಅದು ಕೈಗೋ ಕಾಲಿಗೋ ಸುತ್ತಿಕೊಳ್ಳಬಹುದು. ಕೈಗಳನ್ನು ಹೇಳಿದ ಜಾಗದಲ್ಲೇ ಇಟ್ಟುಕೊಳ್ಳುವುದು, ಇನ್‌ಸ್ಟ್ರಕ್ಟರ್ ಕೈಗಳನ್ನೂ ಯಾವ ಹಿಡಿಕೆಯನ್ನೂ ಹೇಳದೆ ಮುಟ್ಟದಿರುವುದು ಎರಡನೆಯದು. ಇಳಿಯುವಾಗ ಕಾಲುಗಳನ್ನು ಮೇಲಕ್ಕೆತ್ತಿ ಹಿಡಿಯುವುದು ಮೂರನೆಯದು. ಟ್ಯಾಂಡಮ್‌ನಲ್ಲಿ ಗಾಯಗಳಾಗುವುದು ಹೆಚ್ಚಾಗಿ ಆಕಾಶದಲ್ಲಿ ಅಲ್ಲ, ನೆಲ ಮುಟ್ಟುವಾಗ. ಮುಂದಿನವರ ಕಾಲು ಮೊದಲು ನೆಲಕ್ಕೆ ತಾಗಿ ಮಡಚಿಕೊಂಡರೆ ಇಬ್ಬರ ತೂಕವೂ ಆ ಕಣಕಾಲಿನ ಮೇಲೆಯೇ ಬೀಳುತ್ತದೆ.

ಸ್ವಲ್ಪ ತಿಳಿವಳಿಕೆ ಎಷ್ಟರಮಟ್ಟಿಗೆ ಕಾಪಾಡಬಲ್ಲದು ಎಂಬುದಕ್ಕೆ 2009ರ ಜನವರಿಯಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ನಡೆದ ಘಟನೆ ಸಾಕ್ಷಿ. ಪ್ಯಾರಾಚೂಟ್ ಸರಿಯಾಗಿಯೇ ಅರಳಿತ್ತು. ಆಮೇಲೆ ಇನ್‌ಸ್ಟ್ರಕ್ಟರ್‌ಗೆ ಗಾಳಿಯಲ್ಲೇ ಹೃದಯಾಘಾತವಾಯಿತು. ಮುಂದಿದ್ದ 25 ವರ್ಷದ ಯುವ ಸೈನಿಕನಿಗೆ ಅದು ಮೊದಲ ಜಿಗಿತ. ಹಿಡಿಕೆಗಳನ್ನು ಎಳೆದರೆ ಪ್ಯಾರಾಚೂಟ್ ತಿರುಗುತ್ತದೆ ಎಂಬುದನ್ನು ಆತ ಟಿ.ವಿ.ಯಲ್ಲಿ ನೋಡಿ ನೆನಪಿಟ್ಟುಕೊಂಡಿದ್ದ. ಜೋರಾಗಿ ಎಳೆದರೆ ಹಿಡಿತ ತಪ್ಪಬಹುದು ಎಂಬ ಎಚ್ಚರವೂ ಇತ್ತು. ಮರಗಳನ್ನೂ ಕಟ್ಟಡಗಳನ್ನೂ ತಪ್ಪಿಸಿ ಬಯಲಿನಲ್ಲಿ ಇಳಿದ, ಇಳಿದ ತಕ್ಷಣ ಇನ್‌ಸ್ಟ್ರಕ್ಟರ್ ಉಸಿರು ಮರಳಿಸಲು ಯತ್ನಿಸಿದ. ಅವರು ಬದುಕಲಿಲ್ಲ, ಆತ ಉಳಿದ. ಟಿ.ವಿ.ಯಿಂದ ಆತ ಕಲಿತದ್ದು ನೆಲದ ಮೇಲೆ ಐದು ನಿಮಿಷದಲ್ಲಿ ಹೇಳಿಕೊಡಬಹುದಾದ ಪಾಠ.

ಉಪಕರಣ ಇದ್ದರೆ ಸಾಲದು, ಅದು ಮೈಗೆ ಸರಿಯಾಗಿ ಕೂರಬೇಕು. 2012ರಲ್ಲಿ ಜಗತ್ತಿನಾದ್ಯಂತ ಹರಿದಾಡಿದ ಕ್ಯಾಲಿಫೋರ್ನಿಯಾದ ವಿಡಿಯೊ ಒಂದರಲ್ಲಿ 80 ವರ್ಷದ ಮಹಿಳೆಯೊಬ್ಬರು ಬೀಳುವಾಗ ಹಾರ್ನೆಸ್ಸಿನಿಂದ ಅರ್ಧಕ್ಕರ್ಧ ಜಾರಿ ನೇತಾಡುವುದು ಕಾಣುತ್ತದೆ. ಅವರು ಬದುಕಿ ಇಳಿದರು. ಅಲ್ಲಿ ಕೆಟ್ಟಿದ್ದು ಪ್ಯಾರಾಚೂಟ್ ಅಲ್ಲ.

ಇನ್ನೊಂದು ಪ್ರಕರಣ ಇವೆಲ್ಲಕ್ಕಿಂತ ಗಂಭೀರವಾದದ್ದು. 2016ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಲೋಡೈ ಪಟ್ಟಣದ ಬಳಿ ಪ್ಯಾರಾಚೂಟ್ ಸರಿಯಾಗಿ ತೆರೆದುಕೊಳ್ಳದೆ ಟ್ಯಾಂಡಮ್ ಜೋಡಿಯೊಂದು ಸಾವಿಗೀಡಾಯಿತು. ಮೊದಲ ಸಲ ಜಿಗಿದಿದ್ದವನಿಗೆ 18 ವರ್ಷ. ಜೊತೆಯಲ್ಲಿದ್ದ ಇನ್‌ಸ್ಟ್ರಕ್ಟರ್‌ಗೆ ಟ್ಯಾಂಡಮ್ ಜಿಗಿತ ಮಾಡಿಸಲು ಬೇಕಾದ ಅರ್ಹತೆ ಕ್ರಮಬದ್ಧವಾಗಿ ಸಿಕ್ಕಿರಲೇ ಇಲ್ಲ ಎಂಬುದು ಆಮೇಲೆ ಹೊರಬಂತು. ತನ್ನದೇ ಅನುಮತಿ ಅಮಾನತಿನಲ್ಲಿದ್ದಾಗಲೂ ತರಬೇತಿ ನಡೆಸಿ, ಬೇರೊಬ್ಬರ ಸಹಿ ಇದ್ದ ಕಾಗದಗಳನ್ನು ಬಳಸಿದ ತರಬೇತುದಾರನನ್ನು ಫೆಡರಲ್ ನ್ಯಾಯಾಲಯ 2024ರಲ್ಲಿ ವಂಚನೆಯ ಅಪರಾಧಿ ಎಂದು ತೀರ್ಮಾನಿಸಿತು. ಯುಎಸ್‌ಪಿಎ ನಿಯಮದ ಪ್ರಕಾರ ಟ್ಯಾಂಡಮ್ ಇನ್‌ಸ್ಟ್ರಕ್ಟರ್ ಆಗಲು ಕನಿಷ್ಠ 500 ಜಿಗಿತ, ಮೂರು ವರ್ಷಗಳ ಅನುಭವ, ವೈದ್ಯಕೀಯ ಪ್ರಮಾಣಪತ್ರ, ಜೊತೆಗೆ ಪ್ರತ್ಯೇಕ ತರಬೇತಿ ಬೇಕು. ಹಾಗಿದ್ದೂ ಈ ಮೋಸ ನಡೆದಾಗ ಗಿರಾಕಿಗಳಿಗೆ ಅದು ತಿಳಿಯುವ ದಾರಿ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅಂಕಿಗಳನ್ನೂ ಮುಂದಿಡುವುದು ನ್ಯಾಯ. ಯುಎಸ್‌ಪಿಎ ಲೆಕ್ಕದಲ್ಲಿ ರಿಸರ್ವ್ ಬಳಸಬೇಕಾಗಿ ಬರುವಂಥ ಕೆಡುಕು ಸುಮಾರು ಸಾವಿರ ಜಿಗಿತಗಳಿಗೆ ಒಂದು. ಟ್ಯಾಂಡಮ್‌ನಲ್ಲಿ ಗಿರಾಕಿಯ ಸಾವು ಸುಮಾರು ಐದು ಲಕ್ಷ ಜಿಗಿತಗಳಿಗೆ ಒಂದು. 1970ರ ದಶಕದಲ್ಲಿ ಅಮೆರಿಕದಲ್ಲಿ ಸ್ಕೈಡೈವಿಂಗ್‌ನಿಂದ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. 2023ರಲ್ಲಿ ಸುಮಾರು 36.5 ಲಕ್ಷ ಜಿಗಿತಗಳು ನಡೆದು, ಸತ್ತವರು 10 ಮಂದಿ. ಅದೇ ವರ್ಷದ ಅಕ್ಟೋಬರ್ 1ರಂದು ಡೊರೊಥಿ ಹಾಫ್ನರ್ ಎಂಬ 104 ವರ್ಷದ ಅಜ್ಜಿ ಇಲಿನಾಯ್ ರಾಜ್ಯದಲ್ಲಿ ಟ್ಯಾಂಡಮ್ ಜಿಗಿದು ನಗುತ್ತಾ ಇಳಿದರು. ಸಾವುಗಳು ಇಷ್ಟು ತಗ್ಗಿದ ಈ ಸುಧಾರಣೆ ತಾನಾಗಿ ಬಂದದ್ದಲ್ಲ. ಪ್ರತಿ ಸಾವನ್ನೂ ಕೆದಕಿ ನೋಡಿ, ಕಾರಣವನ್ನು ಎಲ್ಲರಿಗೂ ಸಾರಿ, ಬಳೆಯಿಂದ ಹಿಡಿದು ಕುಣಿಕೆ ಕತ್ತರಿಸುವ ಯಂತ್ರದವರೆಗೆ ಒಂದೊಂದನ್ನೇ ತಿದ್ದಿದ್ದರಿಂದ ಬಂದದ್ದು. ವೈಫಲ್ಯವನ್ನು ಮುಚ್ಚಿಡದೆ ಮಾತಾಡಿದ್ದರಿಂದಲೇ ಈ ಕ್ರೀಡೆ ಸುರಕ್ಷಿತವಾಯಿತು. ಹೀಗಿರುವಾಗ ಮೊದಲ ಸಲ ಬಂದವರ ಎದುರು ಮಾತ್ರ ಅದರ ಬಗ್ಗೆ ಬಾಯಿ ಮುಚ್ಚಿಕೊಳ್ಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇದು ಅಮೆರಿಕದವರ ಚಿಂತೆ ಮಾತ್ರ ಅಲ್ಲ. 2011ರಲ್ಲಿ ತೆರೆಕಂಡ ‘ಜಿಂದಗಿ ನಾ ಮಿಲೇಗಿ ದೊಬಾರಾ’ ಚಿತ್ರದ ಸ್ಪೇನ್ ಜಿಗಿತವನ್ನು ನೋಡಿ ಆಸೆಪಟ್ಟ ತಲೆಮಾರು ಈಗ ದುಡಿಯುತ್ತಿದೆ, ಖರ್ಚು ಮಾಡುತ್ತಿದೆ. ದುಬೈಗೆ ಹೋದ ಕನ್ನಡಿಗರು ಪಾಮ್ ಜುಮೇರಾ ಮೇಲೆ ಜಿಗಿದ ಚಿತ್ರಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ಹರಿಯಾಣದ ನಾರ್ನೌಲ್‌ನಲ್ಲೂ ಟ್ಯಾಂಡಮ್ ಜಿಗಿತ ಸಿಗುತ್ತದೆ. ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ 2022ರ ಜೂನ್‌ನಲ್ಲಿ ರಾಷ್ಟ್ರೀಯ ವಾಯು ಕ್ರೀಡಾ ನೀತಿಯನ್ನು ಹೊರತಂದು, ಪ್ಯಾರಾಚೂಟ್ ಜಿಗಿತವನ್ನೂ ಅದರೊಳಗೆ ಸೇರಿಸಿತು. ಕ್ರೀಡೆ ಬೆಳೆಯಲಿ ಎಂಬ ಆಶಯ ಒಳ್ಳೆಯದೇ. ಬೆಳೆಯುವ ಹೊತ್ತಿನಲ್ಲೇ ಒಂದು ಪದ್ಧತಿಯನ್ನು ಗಟ್ಟಿಮಾಡಬೇಕು: ಗಿರಾಕಿಗೆ ಅರ್ಥವಾಗುವ ಭಾಷೆಯಲ್ಲಿ, ಪ್ಯಾರಾಚೂಟ್ ಕೆಡುವ ಬಗೆ ಮತ್ತು ಆಗ ಮಾಡಬೇಕಾದ್ದರ ವಿವರಣೆ ಇಲ್ಲದೆ ಯಾರನ್ನೂ ವಿಮಾನ ಹತ್ತಿಸಬಾರದು. ಇಂಗ್ಲಿಷ್ ಕರಾರುಪತ್ರದ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದದ್ದು ವಿವರಣೆಯಲ್ಲ. ಅದು ಕಂಪನಿಯ ರಕ್ಷಣೆಗೆ ಇರುವಂಥದ್ದು, ಜಿಗಿಯುವವರ ರಕ್ಷಣೆಗಲ್ಲ.

ಗಿರಾಕಿಯ ಕಡೆಯಿಂದಲೂ ಪ್ರಾಮಾಣಿಕತೆ ಬೇಕು. ತೂಕದ ಮಿತಿಯೊಳಗೆ ಬರಲೆಂದು ಐದಾರು ಕಿಲೋ ಕಡಿಮೆ ಹೇಳುವುದು, ಹಳೆಯ ಬೆನ್ನುನೋವು, ಜಾರಿದ ಭುಜ, ಹೃದಯದ ತೊಂದರೆಗಳನ್ನು ಮುಚ್ಚಿಡುವುದು ತಮ್ಮೊಬ್ಬರ ಜೀವಕ್ಕಷ್ಟೇ ಅಲ್ಲ, ಬೆನ್ನ ಹಿಂದಿನವರ ಜೀವಕ್ಕೂ ಕುತ್ತು ತರಬಲ್ಲದು.

ಆದ್ದರಿಂದ ಮುಂದಿನ ರಜೆಯಲ್ಲಿ ಜಿಗಿಯಬೇಕೆಂದಿರುವವರು ಹಣ ಕಟ್ಟುವ ಮುಂಚೆ ಇಷ್ಟನ್ನು ಕೇಳಬೇಕು. ಇನ್‌ಸ್ಟ್ರಕ್ಟರ್ ಯಾರು, ಅವರ ಟ್ಯಾಂಡಮ್ ಅರ್ಹತೆ ಯಾವ ಸಂಸ್ಥೆಯದು, ಈಗಲೂ ಚಾಲ್ತಿಯಲ್ಲಿದೆಯೇ? ರಿಸರ್ವ್ ಪ್ಯಾರಾಚೂಟನ್ನು ಅರ್ಹ ರಿಗ್ಗರ್ (ಪ್ಯಾರಾಚೂಟ್ ಪರಿಶೀಲಿಸಿ ಮಡಿಸುವವರು) ಕೊನೆಯದಾಗಿ ಮಡಿಸಿದ ದಿನಾಂಕ ಯಾವುದು? ಅಮೆರಿಕದಲ್ಲಿ ಬಳಸಲಿ, ಬಿಡಲಿ, 180 ದಿನಗಳಿಗೊಮ್ಮೆ ಅದನ್ನು ಬಿಚ್ಚಿ ಪರಿಶೀಲಿಸಿ ಮತ್ತೆ ಮಡಿಸಲೇಬೇಕು, ರಿಗ್ಗರ್ ಸಹಿ ಇರುವ ಚೀಟಿ ಅದರ ಜೊತೆಗೇ ಇರಬೇಕು. ರಿಸರ್ವ್ ತಾನಾಗಿ ಬಿಡುವ ಸಾಧನ ಇದೆಯೇ, ಇಂದು ಅದನ್ನು ಚಾಲೂ ಮಾಡಿದ್ದಾರೆಯೇ? ಮುಖ್ಯ ಪ್ಯಾರಾಚೂಟ್ ಕೆಟ್ಟರೆ ನೀವು ಏನು ಮಾಡುತ್ತೀರಿ, ಆಗ ನಾನು ಏನು ಮಾಡಬೇಕು? ಒಳ್ಳೆಯ ಇನ್‌ಸ್ಟ್ರಕ್ಟರ್‌ಗಳು ಈ ಪ್ರಶ್ನೆಗಳಿಗೆ ಖುಷಿಯಿಂದ, ರಿಗ್ ತೋರಿಸುತ್ತಾ ಉತ್ತರಿಸುತ್ತಾರೆ. ಯಾರಾದರೂ ಮುಖ ಗಂಟಿಕ್ಕಿ, ‘ಎರಡನೆಯದು ಇದೆ, ಚಿಂತೆ ಬೇಡ’ ಎಂದಷ್ಟೇ ಹೇಳಿ ಸಹಿಗೆ ಕಾಗದ ಮುಂದಿಟ್ಟರೆ ಅಲ್ಲಿ ಜಿಗಿಯಬೇಡಿ. ಬೇರೆ ಕೇಂದ್ರ ಹುಡುಕಿ.